ಅರ್ಧ ಹಣ್ಣಾದ ಕವಳಿ

ಟಿಳಕವಾಡಿ, ಬೆಳಗಾವಿ
೨೧ ಮೇ ೨೦೨೫

ಪ್ರೀತಿಯ ಕಾಂತಕ್ಕಾ,

ನಿನಗೂ ಭಾವನವರಿಗೂ ಶರಣಾರ್ಥಿ. ಎರಡು ತಿಂಗಳಿಂದ ಬರೆದಿಲ್ಲ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಬಾಜುವೇ ಕೂತಿರುತ್ತಾನೆ, ಅವನ ಕಿವಿ ಇನ್ನೂ ಚುರುಕು. ಬರುವ ತಿಂಗಳು ಅವ್ವ ಹೋಗಿ ವರ್ಷವಾಗುತ್ತದೆ. ನೀನು ನಾಲ್ಕು ದಿನ ಮೊದಲೇ ಬಾ.

ಖಾನಾಪುರದ ವೈನ್ ತೋಟದಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಒಂದು ಗುಟುಕು ಬಾಯಲ್ಲಿ ಆಡಿಸಿ, ಬಕೀಟಿಗೆ ಉಗುಳಿ, ಬಂದವರಿಗೆ ರುಚಿ ವಿವರಿಸುವುದು ನನ್ನ ಕೆಲಸ. ನುಂಗುವುದಿಲ್ಲವೆಂದು ಎಷ್ಟು ಹೇಳಿದರೂ ಅಪ್ಪ ಅಂದಿನಿಂದ ತನ್ನ ಲಿಂಗಪೂಜೆಯ ಹೂವನ್ನು ನನಗೆ ಮುಟ್ಟಗೊಡಲಿಲ್ಲ. ಸಣ್ಣವಳಿದ್ದಾಗಿನಿಂದ ನನ್ನದೇ ಆಗಿದ್ದ ಕೆಲಸವದು. ನನಗೆಷ್ಟು ಸಂಕಟವಾಗಿತ್ತೆಂದು ನಿನಗೆ ಗೊತ್ತು.

ಈಗ ಸುದ್ದಿ ಕೇಳು. ತೋಟದ ಮಾಲೀಕರು ಗೌರೀಶ ಸರ್ ಪ್ರತಿ ಬಾಟಲಿಗೂ ಕನ್ನಡದಲ್ಲಿ ಒಂದು ರುಚಿಯ ಚೀಟಿ ಬರೆ ಅಂದರು. ರುಚಿ ವಿವರಿಸಲು ಕೊಟ್ಟ ಇಂಗ್ಲಿಷ್ ಕಾಗದದಲ್ಲಿರುವ ಹಣ್ಣುಗಳನ್ನು ನಾನು ಕಂಡೇ ಇಲ್ಲ. ತಿಳಿದಂತೆ ಬರೆದೆ. ಬಿಳಿ ವೈನಿನಲ್ಲಿ ಶೆನಿನ್ ಅಂದರೆ ಮಾಗಿದ ಪೇರಲ, ಮೇಲೆ ತುಸು ಜೇನು. ಸೊವಿನ್ಯೋ ಅಂದರೆ ನಿಂಬೆ ಸಿಪ್ಪೆ, ಆಗಷ್ಟೇ ಮುರಿದ ಡೊಣಮೆಣಸಿನಕಾಯಿ. ಕೆಂಪಿನಲ್ಲಿ ಕ್ಯಾಬರ್ನೆ ನೇರಳೆ ಹಣ್ಣಿನಂತೆ, ನಾಲಿಗೆಯೆಲ್ಲ ಒಗರು. ಶಿರಾಜ್ ಮಾತ್ರ ಕರಿಮೆಣಸು ಮತ್ತು ಮುಳ್ಳುಕಂಟಿಯ ಹುಳಿ ಕವಳಿ.

ಚೀಟಿಗಳನ್ನು ಮೇಜಿನ ಮೇಲೆ ಮರೆತು ಹೋಗಿದ್ದೆ. ಸಂಜೆ ಬಂದು ನೋಡಿದರೆ ಅಪ್ಪನ ಕೆಂಪು ಶಾಯಿ. ಮಾಸ್ತರಿಕೆ ಮುಗಿದು ಹನ್ನೆರಡು ವರ್ಷವಾದರೂ ಆ ಪೆನ್ನು ಬಿಟ್ಟಿಲ್ಲ ಮಹಾರಾಯ. ಕವಳಿಯ ಕೆಳಗೆ ಗೆರೆ ಎಳೆದು 'ಹಣ್ಣೋ ಕಾಯೋ?' ಎಂದು ಬರೆದಿದ್ದ. ನನಗೆ ನಗು, ಅಳು ಎರಡೂ ಬಂದವು.

ಭಾನುವಾರ ನನ್ನ ಸ್ಕೂಟಿಯ ಹಿಂದೆ ಕೂತು ತೋಟಕ್ಕೇ ಬಂದ. ದಾರಿಯಲ್ಲಿ ಮಾರುವವರ ಹತ್ತಿರ ಎಲೆಯ ಪೊಟ್ಟಣದಲ್ಲಿ ಕವಳಿ ಕೊಂಡಿದ್ದ. ಶಿರಾಜಿನ ಗ್ಲಾಸನ್ನು ಮೂಸಿದ, ಬಾಯಿಗೆ ತಾಗಿಸಲಿಲ್ಲ. ಒಂದೊಂದೇ ಕವಳಿ ಕಚ್ಚಿ ನೋಡುತ್ತ, ಮತ್ತೆ ಮತ್ತೆ ಮೂಸಿದ.

"ಅರ್ಧ ಹಣ್ಣಾಗಿದ್ದು ಅಂತ ಬರಿ. ಪೂರಾ ಹಣ್ಣಿಗೆ ಈ ಹುಳಿ ಇರೂದಿಲ್ಲ," ಎಂದ.

ಖರೇ ಅಕ್ಕಾ, ಗೌರೀಶ ಸರ್ ಕೂಡ ತಲೆದೂಗಿದರು. ಹೊರಡುವಾಗ ಅಪ್ಪ ಮೆಲ್ಲಗೆ ಕೇಳಿದ, "ಒಮ್ಮೆನೂ ನುಂಗಿಲ್ಲಲ್ಲ?"

"ಇಲ್ಲಪ್ಪಾ," ಅಂದೆ.

ಸೋಮವಾರ ಬೆಳಿಗ್ಗೆ ಪೂಜೆಗೆ ಕೂತವನು ನನ್ನನ್ನು ಕರೆದು ಹೂ ತಾ ಅಂದ. ಎರಡು ವರ್ಷದ ಮೇಲೆ, ಅಕ್ಕಾ. ಹಿತ್ತಲಿನ ಹೂವನ್ನೆಲ್ಲ ಬಿಡಿಸಿ ಬುಟ್ಟಿ ತುಂಬ ತಂದೆ.

ನಿನ್ನ ಮಗಳು ಸಾಕ್ಷಿ ಪರೀಕ್ಷೆಯಲ್ಲಿ ಪಾಸಾದಳೆಂದು ತಿಳಿಯಿತು. ಚಿಕ್ಕಮ್ಮನ ಆಶೀರ್ವಾದ ಸದಾ ಅವಳ ಮೇಲಿರುತ್ತದೆ ಎಂದು ಹೇಳು.

ನಿನ್ನ ತಂಗಿ,
ನೇತ್ರಾ

ತಾ.ಕ.: ಅಪ್ಪನಿಗೆ ಸುಳ್ಳು ಹೇಳಿದೆ. ಒಮ್ಮೆ ನುಂಗಿದ್ದೇನೆ. ಬಾಯಲ್ಲಿ ಕ್ಯಾಬರ್ನೆ ಇದ್ದಾಗಲೇ ನಿನ್ನ ಫೋನು ಬಂತು, ಅವ್ವ ಹೋದಳೆಂದು ನೀನು ಹೇಳಿದೆ. ಉಗುಳುವುದು ಮರೆತೆ. ಮನೆಗೆ ಬಂದಾಗ ಕಡೆಯ ದರ್ಶನಕ್ಕೆ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದಿರಿ. ನನ್ನ ಬಾಯಿ ವಾಸನೆ ಬಂದೀತೆಂದು ಹೆದರಿ ಅವಳ ಮುಖದ ಹತ್ತಿರ ಬಾಗಲಿಲ್ಲ, ವಿಭೂತಿಯನ್ನೂ ದೂರದಿಂದಲೇ ಕೈ ಚಾಚಿ ಹಚ್ಚಿದೆ. ಅವ್ವನ ಮೇಲೆ ಬಿದ್ದು ಅಳಲಿಲ್ಲವೆಂದು, ನೇತ್ರಾಳ ಮನಸ್ಸು ಗಟ್ಟಿ ಅಂತ ನೀವೆಲ್ಲ ಹೊಗಳಿದಿರಿ. ನೀನು ಬಂದ ದಿನ ಅಪ್ಪನಿಗೆ ಇದನ್ನು ಹೇಳುತ್ತೇನೆ, ಹೂ ಮತ್ತೆ ಕೈತಪ್ಪಿದರೂ ಸರಿ. ಹಣ್ಣೋ ಕಾಯೋ ಎಂದು ಅಷ್ಟು ತಾಳ್ಮೆಯಿಂದ ನೋಡಿದವನು ನನ್ನ ಮಾತನ್ನೂ ಪೂರಾ ಕೇಳಿಯಾನು. ಆದರೂ ಆಗ ನೀನು ನನ್ನ ಬಾಜು ಕೂತಿರು.