ಪರದೆ ಹೇಳುವ ಮೂವತ್ತೇಳು

ಅಕ್ಕಾ,

ನಿನ್ನ ಫೋನು ವಾರ್ಡಿನ ಹೊರಗಿದೆ, ನನ್ನನ್ನು ಒಳಗೆ ಬಿಡುತ್ತಿಲ್ಲ. ಅದಕ್ಕೇ ಆಯಾ ಕೈಯಲ್ಲಿ ಈ ಚೀಟಿ.

ನೀವು ನರ್ಸುಗಳು ನೋಡುವ ಕಂಪ್ಯೂಟರಿಗೆ ನಾನು ಹಾಕಿಕೊಟ್ಟ ಪ್ರೋಗ್ರಾಂ ಇದೆಯಲ್ಲ, ಅದು ಹಸುಗೂಸುಗಳನ್ನು ಬೆಚ್ಚಗಿಡುವ ಒಂದೊಂದು ಪೆಟ್ಟಿಗೆಯೊಳಗಿನ ಪುಟ್ಟ ವೆಬ್ ಸರ್ವರನ್ನು ಶಾಖ ಎಷ್ಟೆಂದು ಕೇಳುತ್ತದೆ. ಅಲ್ಲಿರುವ ಸ್ಕ್ರಿಪ್ಟು, ಅಂದರೆ ಸಣ್ಣ ಪ್ರೋಗ್ರಾಂ, ಉತ್ತರ ಕೊಡುತ್ತದೆ. ಸಂಪರ್ಕ ಸಿಗುತ್ತದೋ ಇಲ್ಲವೋ ನೋಡೋಣವೆಂದು, ಯಾವಾಗ ಕೇಳಿದರೂ ಮೂವತ್ತೇಳು ಡಿಗ್ರಿ ಎನ್ನುವ ಸ್ಕ್ರಿಪ್ಟು ಬರೆದಿಟ್ಟಿದ್ದೆ. ತೆಗೆಯಲು ಮರೆತಿದ್ದೇನೆ. ಈಗಷ್ಟೇ ಹೊಳೆಯಿತು. ಪೆಟ್ಟಿಗೆ ತಣ್ಣಗಾದರೂ ನಿಮ್ಮ ಪರದೆ ಮೂವತ್ತೇಳೇ ತೋರಿಸುತ್ತದೆ.

ಬೈಯುವುದು ಆಮೇಲಿರಲಿ. ಪರದೆ ನೋಡಬೇಡ, ಒಂದೊಂದು ಮಗುವಿನ ಮೇಲೂ ಕೈಯಿಟ್ಟು ನೋಡು. ಒಂದನೇ ಪೆಟ್ಟಿಗೆಯಿಂದಲೇ ಶುರುಮಾಡು. ಮೂರನೆಯದರಲ್ಲಿ ನನ್ನ ಮಗಳಿದ್ದಾಳೆಂದು ಮೊದಲು ಅಲ್ಲಿಗೆ ಓಡಬೇಡ.

ಇದೇ ಚೀಟಿಯ ಹಿಂದೆ ಉತ್ತರ ಬರೆದು ಕಳಿಸು. ಮೂವತ್ತೇಳು ಅಂತ ಮಾತ್ರ ಬರೆಯಬೇಡ. ಬೆಚ್ಚಗಿದ್ದಾಳೆ ಅಂತ ಬರಿ.

ಬಾಗಿಲಾಚೆ ನಿಂತಿರುವ
ನಿನ್ನ ತಮ್ಮ