ಅಳಿಯನ ಹೆಸರಿನ ವ್ಯಾಕರಣ

ಕಾಶಿ
ಕಾರ್ತಿಕ ಶುದ್ಧ ಪಂಚಮಿ, ಸಂವತ್ ೧೯೮೫

ಮಗಳೇ ವಿಂಧ್ಯಾ, ನಿನಗೆ ಅಮ್ಮನ ಆಶೀರ್ವಾದಗಳು.

ಈ ಸೊಟ್ಟ ಅಕ್ಷರ ಯಾರದೆಂದು ಗಾಬರಿಯಾಗಬೇಡ, ನನ್ನದೇ. ಇಷ್ಟು ದಿನ ನಾನು ಹೇಳಿದ್ದನ್ನು ನಿನ್ನ ಚಿಕ್ಕಪ್ಪ ಶಿವದತ್ತ ಬರೆದುಕೊಡುತ್ತಿದ್ದ. ಅವನೀಗ ಮನೆಯಲ್ಲಿಲ್ಲ. ಓಣಿಯ ಹೆಂಗಸರ ಹಿಂದಿ ತರಗತಿಗೆ ನಾನು ಹೋಗುತ್ತಿರುವುದು ಎರಡು ವರ್ಷದಿಂದ. ನಿನ್ನ ಅಪ್ಪನಿಗೆ ಭಜನೆ ಎಂದು ಹೇಳಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಹಿಂದಿನ ಎರಡು ಕಾಗದಗಳನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದಂತಿತ್ತು. ಪಕ್ಕದ ಮನೆಯ ಫೂಲಮತಿ ಸಂಗಮ ಸ್ನಾನಕ್ಕೆ ನಿಮ್ಮ ಪ್ರಯಾಗಕ್ಕೆ ಬರುತ್ತಾಳೆ, ನಿನ್ನ ಕೈಗೇ ಕೊಡುತ್ತಾಳೆ.

ಅಳಿಯಂದಿರ ಪುಸ್ತಕ ಬಂತು. ಸಂಸ್ಕೃತ ವ್ಯಾಕರಣವನ್ನು ಹಿಂದಿಯಲ್ಲಿ ತಿಳಿಸುವ ಪುಸ್ತಕ, ಮೇಲೆ ನಿನ್ನ ಗಂಡನ ಹೆಸರು, ಕಮಲಾಕಾಂತ ಪಾಠಕ ಎಂದು. ನಿನ್ನ ಅಪ್ಪ ನಿಂತೇ ಓದತೊಡಗಿದರು. ಹತ್ತು ಪುಟ ದಾಟುವಷ್ಟರಲ್ಲಿ ಪುಸ್ತಕ ಮುಚ್ಚಿ ನನ್ನನ್ನು ಕರೆದರು. ನಲವತ್ತು ವರ್ಷ ಜಗಲಿಯ ಮೇಲೆ ಕೂತು ಅವರು ಹೇಳಿದ ಪಾಠವೇ, ಅದೇ ಕ್ರಮದಲ್ಲಿ ಅಲ್ಲಿತ್ತಂತೆ. ಒಂದು ಕಾಲಕ್ಕೆ ಮೂವತ್ತು ಜನ ಕೂರುತ್ತಿದ್ದ ಜಗಲಿ ನಿನಗೆ ಗೊತ್ತು. ಈಗ ಇಬ್ಬರು, ಅವರೂ ಹಿಂದಿ ಪರೀಕ್ಷೆ ಕಟ್ಟಿದ್ದಾರೆ. ಕೆಲಸ ಸಿಗುವುದು ಅದಕ್ಕೇ ತಾನೆ.

ಅಳಿಯಂದಿರು ಹಿಂದಿ ಮೇಷ್ಟ್ರು, ಅವರಿಗೆ ಇಷ್ಟು ಸಂಸ್ಕೃತ ಬಾರದು, ಮನೆಯವರೇ ಯಾರೋ ತಮ್ಮ ಪಾಠದ ನೋಟು ಪುಸ್ತಕಗಳನ್ನು ಕೊಟ್ಟಿದ್ದಾರೆ ಎಂದು ಅಪ್ಪ ಪೆಟ್ಟಿಗೆ ತೆಗೆಸಿದರು. ಒಂದು ಕಟ್ಟನ್ನು ಯಾರೋ ಬಿಚ್ಚಿ, ಕೆಂಪು ಬಟ್ಟೆಯಲ್ಲಿ ತಲೆಕೆಳಗಾಗಿ ಸುತ್ತಿಟ್ಟಿದ್ದರು. ಬೀಗದ ಕೈ ಯಾರಿಗೆ ಕೊಟ್ಟಿದ್ದೆ ಎಂದು ನನ್ನನ್ನು ಕೇಳಿದರು. ಯಾರಿಗೂ ಇಲ್ಲ ಎಂದೆ. ಆಗ ತಮ್ಮನ ಕಡೆ ತಿರುಗಿದರು. ಶಿವದತ್ತನ ಬಾಯಿ ನಿನಗೆ ಗೊತ್ತಲ್ಲ. "ಅಣ್ಣಾ, ನಿನ್ನ ಪೆಟ್ಟಿಗೆ ಮುಟ್ಟೋಕೆ ಈಗ ಗೆದ್ದಲು ಬಿಟ್ರೆ ಇನ್ಯಾರು ಬರ್ತಾರೆ?" ಎಂದುಬಿಟ್ಟ. ಅಷ್ಟಕ್ಕೇ ಅವನನ್ನು ಹೊರಗೆ ಹಾಕಿದರು. ಘಾಟಿನ ಧರ್ಮಶಾಲೆಯಲ್ಲಿದ್ದಾನೆ. ಏಕಾದಶಿಯ ದಿನ ಪಂಡಿತರ ಸಭೆಗೆ ಅಪ್ಪ ದೂರು ಕೊಡುತ್ತಾರೆ. ಕಳ್ಳ ಎನ್ನಿಸಿಕೊಂಡರೆ ಅವನನ್ನು ಒಂದು ಶ್ರಾದ್ಧಕ್ಕೂ ಯಾರೂ ಕರೆಯುವುದಿಲ್ಲ.

ಅಪ್ಪ ಗಂಗೆಗೆ ಹೋದಾಗ ನಾನೂ ಆ ಪುಸ್ತಕ ಓದಿದೆ. ಅವರು ಜೀವಮಾನವೆಲ್ಲ ಏನು ಹೇಳುತ್ತಿದ್ದರೆಂದು ನನಗೆ ಮೊದಲ ಸಲ ತಿಳಿಯಿತು. ಐದನೆಯ ವಿಭಕ್ತಿಗೆ ಅವರು ಹೇಳುತ್ತಿದ್ದ ಉದಾಹರಣೆ ಮರದಿಂದ ಎಲೆ ಬೀಳುತ್ತದೆ ಎಂದು. ಒಲೆಯ ಮುಂದೆ ಕೂತು ಸಾವಿರ ಸಲ ಕೇಳಿದ್ದೇನೆ. ಪುಸ್ತಕದಲ್ಲಿ ಹಾಗಿಲ್ಲ. ತವರಿನಿಂದ ಮಗಳು ಹೋಗುತ್ತಾಳೆ ಎಂದಿದೆ. ವಿಂಧ್ಯಾ, ಇದು ಗಂಡಸಿಗೆ ಹೊಳೆಯುವ ಮಾತಲ್ಲ.

ಹೋದ ವರ್ಷ ಶ್ರಾವಣದಲ್ಲಿ ಬಂದಾಗ ನೀನು, ಅಪ್ಪನ ಪೆಟ್ಟಿಗೆಯ ತೇವ ಹಿಡಿದ ಪುಸ್ತಕ ಬಿಸಿಲಿಗೆ ಹಾಕುತ್ತೇನೆಂದು ನನ್ನಿಂದ ಬೀಗದ ಕೈ ಇಸಿದುಕೊಂಡೆ. ಹದಿನೈದು ದಿನ ಕೊಟ್ಟಿದ್ದೆ. ಅಪ್ಪ ಕೇಳಿದಾಗ ನಿನ್ನ ಸಂಸಾರ ಕೆಡಬಾರದೆಂದು ಸುಳ್ಳು ಹೇಳಿದೆ, ಮೈದುನನ ಮಾನ ಹೋಗುವುದನ್ನು ನೋಡುತ್ತ ನಿಂತೆ. ಬರೆದವಳು ನೀನೇ ತಾನೆ? ಪುಸ್ತಕವನ್ನು ಗಂಡನ ಹೆಸರಿಗೆ ನೀನಾಗಿ ಕೊಟ್ಟೆಯೋ, ಅವರೇ ತೆಗೆದುಕೊಂಡರೋ? ಚೆನ್ನಾಗಿದ್ದೇನೆ ಎಂದು ಮಾತ್ರ ಬರೆಯಬೇಡ, ಅದನ್ನು ನಾನು ನಂಬುವುದಿಲ್ಲ.

ಇಂತಿ ನಿನ್ನ ಅಮ್ಮ,
ಕಲಾವತಿ

ಮತ್ತೊಂದು ಮಾತು: ಫೂಲಮತಿ ಹೊರಡುವುದು ಎರಡು ದಿನ ತಡವಾಯಿತು. ಅಷ್ಟರಲ್ಲಿ ನನಗೆ ತಡೆಯಲಾಗದೆ ಅಪ್ಪನಿಗೆ ಬೀಗದ ಕೈಯ ವಿಷಯವನ್ನೂ ತವರಿನ ಆ ವಾಕ್ಯವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಆ ವಾಕ್ಯವಿದ್ದ ಪುಟವನ್ನು ಮತ್ತೆ ತೆಗೆದು ಓದಿದರು. "ಅವಳೇ ಬರೆದಿದ್ರೆ ಅವಳ ಹೆಸರು ಎಲ್ಲೋಯ್ತು?" ಎಂದರು. ಧರ್ಮಶಾಲೆಗೆ ತಾವೇ ಹೋಗಿ ತಮ್ಮನನ್ನು ಕರೆತಂದರು. ದೂರನ್ನು ಹರಿದು ಅಳಿಯಂದಿರ ಮೇಲೆ ಬೇರೆ ಬರೆದಿದ್ದಾರೆ: ಕದ್ದದ್ದು ನನ್ನ ಪಾಠವನ್ನಲ್ಲ, ನನ್ನ ಮಗಳ ಪುಸ್ತಕವನ್ನು ಎಂದು. ನೀನು ಹೂಂ ಎನ್ನುವವರೆಗೆ ಕೊಡುವುದಿಲ್ಲವಂತೆ. ಬರೆದಿರುವುದು ಹಿಂದಿಯಲ್ಲಿ. ಅವರಿಗೆ ರೂಢಿಯಿಲ್ಲ, ತಪ್ಪುಗಳನ್ನು ನಾನು ತಿದ್ದಿಕೊಟ್ಟೆ.