ಅರವತ್ತೊಂದು ಕೆಂಪಂಚಿನ ತಟ್ಟೆಗಳ ಕುರಿತು ನನ್ನ ವಿವರಣೆ

ಮಾನ್ಯರೇ,

ತಾಲ್ಲೂಕಿನ ಶಿಕ್ಷಣಾಧಿಕಾರಿಗಳಾಗಿ ತಾವು ಕಳುಹಿಸಿದ ಕಾರಣ ಕೇಳುವ ನೋಟಿಸು ಕೈಸೇರಿತು. ಒಂಬತ್ತು ವರ್ಷದ ಒಬ್ಬ ಹುಡುಗಿ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಉಳಿದ ಮಕ್ಕಳ ಜೊತೆ ಕೂರಬಾರದು, ಅವಳಿಗೆ ಬಣ್ಣದ ಗುರುತು ಹಾಕಿದ ಪ್ರತ್ಯೇಕ ತಟ್ಟೆ ಇರಬೇಕು ಎಂದು ಹೋದ ತಿಂಗಳು ಆದೇಶ ಮಾಡಿದಿರಿ. ಈಗ ಆ ಗುರುತು ಅಳಿದುಹೋಗಿದೆ, ಅಳಿಸಿದವಳು ನಾನು, ಏಳು ದಿನದಲ್ಲಿ ವಿವರಣೆ ಕೊಡದಿದ್ದರೆ ಬರುವ ಸೋಮವಾರದಿಂದ ಹುಡುಗಿಗೆ ಶಾಲೆಯಲ್ಲಿ ಊಟ ಬಂದ್, ತಿಂಗಳಿಗೊಮ್ಮೆ ಅಕ್ಕಿ ಬೇಳೆ ಅಳೆದು ಮನೆಗೆ ಕಳುಹಿಸಲಾಗುವುದು ಎಂದು ಬರೆದಿದ್ದೀರಿ. ವಿವರಣೆ ಇಗೋ. ಪತ್ರಿಕೆಯಲ್ಲಿ ಯಾಕೆ ಎಂದು ಕೇಳುತ್ತೀರಿ. ನಿಮ್ಮ ಆದೇಶದ ನೆತ್ತಿಯ ಮೇಲೆ ‘ಗೌಪ್ಯ’ ಎಂಬ ಮೊಹರಿತ್ತು. ಅದನ್ನು ತಂದ ನಿಮ್ಮ ಜವಾನ ದಾಸಯ್ಯನವರು ಹ್ಯಾಂಡ್‌ಪೋಸ್ಟ್ ಎಂಬ ನಮ್ಮ ಕೂಡುರಸ್ತೆಯ ಟೀ ಅಂಗಡಿಯಲ್ಲಿ ದಾರಿ ಕೇಳುವ ನೆಪದಲ್ಲಿ ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿದರಂತೆ, ಸಹಿಯ ಕೆಳಗಿನ ದಿನಾಂಕವನ್ನೂ ಬಿಡದೆ. ನಿಮ್ಮ ಗೌಪ್ಯವೇ ಇಷ್ಟು ದೂರ ನಡೆಯುವುದಾದರೆ ನನ್ನ ಬಹಿರಂಗ ಎಲ್ಲಿಯವರೆಗೆ ಹೋದೀತು, ನೋಡೋಣ ಎನಿಸಿತು.

ಹುಡುಗಿಯನ್ನು ಇಲ್ಲಿ ಸುಕನ್ಯ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ನಿಜವಾದ ಹೆಸರು, ತಂದೆಯ ಹೆಸರು, ಕಾಯಿಲೆಯ ಹೆಸರು ಮೂರನ್ನೂ ತಾವು ಆದೇಶದಲ್ಲಿ ಸ್ಫುಟವಾಗಿ ಬರೆಸಿದ್ದೀರಿ, ಆ ಸೇವೆಯನ್ನು ಮತ್ತೊಮ್ಮೆ ಮಾಡುವ ಆಸೆ ನನಗಿಲ್ಲ. ಅಪ್ಪ ಅಮ್ಮ ಇಬ್ಬರೂ ಅದೇ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದಳು. ನಮ್ಮ ಮನೆ ಎಂದರೆ ಹ್ಯಾಂಡ್‌ಪೋಸ್ಟಿನಿಂದ ಎರಡು ಮೈಲಿ ಒಳಗಿರುವ ಸಣ್ಣ ಹೆಂಚಿನ ಕಟ್ಟಡ, ಅದರಲ್ಲಿ ಮೂವರು ಕ್ರೈಸ್ತ ಸನ್ಯಾಸಿನಿಯರು, ಆರು ಮಕ್ಕಳು, ಯಾರ ಮಾತನ್ನೂ ಕೇಳದ ಒಂದು ಹಸು. ಬಂದಾಗ ಸುಕನ್ಯ ಹದಿನಾಲ್ಕು ಕೆಜಿ ಇದ್ದಳು. ಬೆಳಿಗ್ಗೆ ರಾತ್ರಿ ಮಾತ್ರೆ ನುಂಗುತ್ತಾಳೆ, ಅದನ್ನು ತಿಂಗಳಿಗೊಮ್ಮೆ ಮೈಸೂರಿನಿಂದ ತರುತ್ತೇವೆ. ಮಾತ್ರೆಗೆ ಅನ್ನದ ಆಸರೆ ಬೇಕು. ಮನೆಯಲ್ಲಿ ನಾನು ಎಷ್ಟು ಗೋಗರೆದರೂ ಮೂರು ತುತ್ತಿಗೆ ಏಳುತ್ತಿದ್ದ ಹುಡುಗಿ ಶಾಲೆಯ ಸಾಲಿನಲ್ಲಿ ಕೂತು, ಪಕ್ಕದವಳ ಜೊತೆ ಜಗಳವಾಡುತ್ತ, ಎರಡು ಸಲ ಹಾಕಿಸಿಕೊಂಡು ಉಂಡು ಮೂರು ಕೆಜಿ ಏರಿದಳು. ನಾನು ನರ್ಸು ಮಾನ್ಯರೇ, ತೂಕದ ಲೆಕ್ಕ ನನಗೆ ಗೊತ್ತಿದೆ. ಅವಳನ್ನು ಉಳಿಸುತ್ತಿರುವುದರಲ್ಲಿ ಅರ್ಧ ಪಾಲು ಮಾತ್ರೆಯದಾದರೆ ಇನ್ನರ್ಧ ಆ ಸಾಲಿನದು. ನೀವು ಅಕ್ಕಿ ಬೇಳೆ ಅಳೆದು ಕೊಡಬಲ್ಲಿರಿ. ಸಾಲನ್ನು ಅಳೆದು ಚೀಲಕ್ಕೆ ಹಾಕಿ ಕಳುಹಿಸುವುದು ಹೇಗೆ?

ಇನ್ನು ತಟ್ಟೆಯ ವಿಷಯ. ಆದೇಶ ಬಂದದ್ದು ಸಂಕ್ರಾಂತಿ ಮುಗಿದ ವಾರದಲ್ಲಿ. ಮುಖ್ಯ ಶಿಕ್ಷಕರಾದ ಶಿವನಂಜಪ್ಪ ಮೇಷ್ಟ್ರು ಮೇಲಿನವರ ಕಾಗದ ಕಂಡರೆ ಕೂತಲ್ಲೇ ಎದ್ದು ನಿಲ್ಲುವ ಜನ. ಪೇಟೆಗೆ ಹೋಗಿ ಹೊಸ ಸ್ಟೀಲ್ ತಟ್ಟೆ ತಂದರು, ಹೊರ ಅಂಚಿಗೆ ಸುತ್ತಲೂ ಕೆಂಪು ಬಣ್ಣ ಬಳಿದರು. ಬಳಿದಾದ ಮೇಲೆ ಮನಸ್ಸು ತಡೆಯಲಿಲ್ಲವೋ ಏನೋ, ಹಿಂದೆ ಡ್ರಾಯಿಂಗ್ ಪಾಠ ಮಾಡುತ್ತಿದ್ದ ಕೈ, ತಟ್ಟೆಯ ಬೆನ್ನಿಗೆ ಒಂದು ಹೂವನ್ನೂ ಬರೆದರು. ನಿಮ್ಮ ಆದೇಶದಲ್ಲಿ ಹೂವಿನ ಪ್ರಸ್ತಾಪ ಇರಲಿಲ್ಲ ಎಂದು ಬಲ್ಲೆ. ದಯವಿಟ್ಟು ಅವರಿಗೆ ಅದಕ್ಕೊಂದು ಬೇರೆ ನೋಟಿಸು ಬೇಡ.

ಮೊದಲ ದಿನ ಸುಕನ್ಯಳನ್ನು ಜಗಲಿಯ ಕಂಬದ ಪಕ್ಕ ಒಂಟಿಯಾಗಿ ಕೂರಿಸಿದರು. ಸಂಜೆ ಮನೆಗೆ ಬಂದವಳು, “ಸಿಸ್ಟ್ರಮ್ಮ, ನಂಗೆ ಪ್ರೈಜ್ ತಟ್ಟೆ ಕೊಟ್ಟವ್ರೆ” ಎಂದಳು. ನಾನು ಹೂಂ ಎಂದೆ. ಉಳಿದ ಮಕ್ಕಳಂತೂ ಅದನ್ನು ಬಹುಮಾನವೆಂದೇ ನಂಬಿದರು. ಅವರು ಮನೆಯಿಂದ ತರುತ್ತಿದ್ದದ್ದು ಸೊಟ್ಟ ತಟ್ಟೆ, ನೆಗ್ಗಿದ ತಟ್ಟೆ, ಅಜ್ಜನ ಕಾಲದ ಅಲ್ಯೂಮಿನಿಯಂ ತಟ್ಟೆ. ಇವಳೊಬ್ಬಳಿಗೆ ಫಳಫಳ ಹೊಳೆಯುವ ಕೆಂಪಂಚಿನ ಹೂವಿನ ತಟ್ಟೆ! ಎರಡನೇ ಕ್ಲಾಸಿನ ವಸಂತ ಅನ್ನ ಮುಟ್ಟದೆ ನೆಲದ ಮೇಲೆ ಉರುಳಾಡಿದ. ಮನೆಗೆ ಹೋಗಿಯೂ ಉರುಳಾಟ ನಿಲ್ಲಿಸಲಿಲ್ಲ. ಅವನ ತಾಯಿ ಸಿದ್ದಲಿಂಗಮ್ಮ ಕಾಟ ತಡೆಯಲಾರದೆ, ಹಬ್ಬದಲ್ಲಿ ಎತ್ತಿನ ಕೊಂಬಿಗೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣದ ಡಬ್ಬಿ ತೆಗೆದು ಅವನ ತಟ್ಟೆಯ ಅಂಚಿಗೆ ಬಳಿದುಕೊಟ್ಟರು. ಸಂಕ್ರಾಂತಿ ಕಳೆದ ವಾರದಲ್ಲಿ ನಮ್ಮ ಕಡೆ ಯಾವ ಹಟ್ಟಿಯಲ್ಲಿ ಆ ಡಬ್ಬಿ ಇರುವುದಿಲ್ಲ ಹೇಳಿ? ಮರುದಿನ ಐದು ತಟ್ಟೆ ಕೆಂಪಾದವು, ಅದರ ಮರುದಿನ ಹದಿನೇಳು. ಶನಿವಾರದ ಹೊತ್ತಿಗೆ ಶಾಲೆಯಲ್ಲಿದ್ದ ಮಕ್ಕಳು ಅರವತ್ತೊಂದು, ಕೆಂಪು ತಟ್ಟೆಗಳೂ ಅರವತ್ತೊಂದು. ಎಲ್ಲರೂ ಬಹುಮಾನದವರೇ ಆದ ಮೇಲೆ ಕಂಬದ ಪಕ್ಕ ಯಾರನ್ನು ಕೂರಿಸುವುದು ಎಂದು ಮೇಷ್ಟ್ರಿಗೆ ತೋಚಲಿಲ್ಲ. ಸುಕನ್ಯ ಸದ್ದಿಲ್ಲದೆ ಸಾಲಿಗೆ ವಾಪಸು ಬಂದು ಕೂತಳು.

ಇದರಲ್ಲಿ ನನ್ನ ಕುಮ್ಮಕ್ಕಿದೆ ಎಂದು ಬರೆದಿದ್ದೀರಿ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ಆ ವಾರವೆಲ್ಲ ನಿಮಗೆ ಬರೆಯಬೇಕಾದ ಮನವಿಗೆ ಯಾವ ಕಾಯಿದೆ, ಯಾವ ಸುತ್ತೋಲೆ ಎಂದು ಹುಡುಕುತ್ತ ಕೂತಿದ್ದೆ. ಕೊಂಬಿನ ಬಣ್ಣ ನನ್ನ ತಲೆಗೆ ಹೊಳೆಯಲಿಲ್ಲ. ಅದನ್ನು ಎಲ್ಲ ತಟ್ಟೆಗೂ ಬಳಿಯಬಹುದೆಂದು ಹೊಳೆದದ್ದು ಬಿಸಿಯೂಟದ ಅಡುಗೆಯ ಕೆಂಪಾಜಮ್ಮನಿಗೆ. ಮಕ್ಕಳ ಹಟವೇನೋ ಸರಿ, ಇಷ್ಟು ಬೇಗ ಅರವತ್ತೊಂದು ಹೇಗಾಯಿತು ಎಂದು ಕೇಳಿದ್ದಕ್ಕೆ ಆಕೆ ಸೌಟು ಕೆಳಗಿಡದೆ ಹೇಳಿದರು: “ಗೊತ್ತಿದ್ದೇ ಬಳ್ದೆ ಕಣ್ರಮ್ಮ. ಒಂದ್ ತಟ್ಟೆ ಕೆಂಪಾದ್ರೆ ಕಾಯ್ಲೆ, ಎಲ್ಲಾರ್ದೂ ಕೆಂಪಾದ್ರೆ ಹಬ್ಬ. ಆ ಮಗ ಕಂಬದ ತಾವ ಕುಂತು ಮೂರ್ ದಿನ ಅರ್ಧ ಅನ್ನ ಬುಟ್ಟು ಎದ್ಲು. ನನ್ ಕೈಲಿ ನೋಡಕ್ಕಾಗ್ನಿಲ್ಲ. ಇಪ್ಪತ್ತ್ ತಟ್ಟೆ ನಾನೇ ಬಳ್ದಿವ್ನಿ.” ಹೆಸರು ಬರೆದರೆ ನಿಮಗೆ ತೊಂದರೆಯಾದೀತು ಎಂದು ಆಕೆಗೆ ಹೇಳಿದೆ. “ಬರೀರಿ, ದೊಡ್ಡಮಾದಯ್ಯನ ಎಂಡ್ರು ಕೆಂಪಾಜಮ್ಮ ಅಂತ್ಲೇ ಬರೀರಿ. ಉದ್ದ ಇಡಿ ಸೌಟಲ್ಲಿ ದೂರದಿಂದ ಬಡ್ಸು ಅಂತ ಆರ್ಡ್ರಲ್ಲಿ ಬರ್ದವ್ರಲ್ಲ, ಅಂತ ಸೌಟ ಅವ್ರೇ ತಂದ್ಕೊಡ್ಲಿ” ಎಂದರು. ಬರೆದಿದ್ದೇನೆ. ಸೌಟಿನ ಬೇಡಿಕೆಯನ್ನೂ ಸೇರಿಸಿದ್ದೇನೆ.

ನೋಟಿಸಿನ ಮೂರನೇ ಪ್ರಶ್ನೆ ಓದಿ ಮಾತ್ರ ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಬೇಕಾಯಿತು. ‘ಸದರಿ ಕೆಂಪು ಬಣ್ಣವು ಯಾವುದಾದರೂ ಮತಪ್ರಚಾರದ ಸಂಕೇತವೇ?’ ಮಾನ್ಯರೇ, ಕೆಂಪು ಬಣ್ಣವನ್ನು ಆರಿಸಿದವರು ತಾವು. ನಿಮ್ಮ ಮತ ಯಾವುದೆಂದು ನಾನು ವಿಚಾರಿಸಿಲ್ಲ. ಬಳಿದದ್ದು ಬಸವಣ್ಣನ ಕೊಂಬಿನ ಬಣ್ಣ, ಬಳಿದವರು ಚಾಮುಂಡಿಗೆ ಹರಕೆ ಹೊರುವವರು. ಇದರಲ್ಲಿ ಯಾರು ಯಾರನ್ನು ಯಾವ ಧರ್ಮಕ್ಕೆ ಸೇರಿಸಿದರು ಎಂಬುದನ್ನು ತಾವೇ ಒಂದು ಸಮಿತಿ ಮಾಡಿ ಪತ್ತೆ ಹಚ್ಚಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು, ತಟ್ಟೆ ಬಲ್ಲವನಿಗೆ ರೋಗವಿಲ್ಲ ಎಂದು ನಿಮ್ಮ ಕಚೇರಿ ತಿದ್ದುಪಡಿ ತಂದಿದೆ. ಪಂಕ್ತಿಭೇದ ಪಾಪ ಎಂದೂ ಅದೇ ಹಿರಿಯರು ಹೇಳಿದ್ದರು. ಅದಕ್ಕೆ ಏನು ತಿದ್ದುಪಡಿಯೋ ಕಾಣೆ.

ಇಷ್ಟೆಲ್ಲ ಗೇಲಿ ಮಾಡುವ ನಾನು ನಿಮ್ಮ ಭಯವನ್ನು ಅರಿಯದವಳಲ್ಲ. ಈ ವಿದ್ಯೆಯಲ್ಲಿ ನಾನು ನಿಮಗಿಂತ ಹನ್ನೆರಡು ವರ್ಷ ಹಿರಿಯಳು. ಹುಣಸೂರಿನಲ್ಲಿ ಹುಟ್ಟಿ ಬೆಳೆದ ನನ್ನನ್ನು ತೊಂಬತ್ತಮೂರರಲ್ಲಿ ನಮ್ಮ ಸನ್ಯಾಸಿನಿಯರ ಸಭೆಯವರು ಆಫ್ರಿಕಾದ ಟಾಂಜಾನಿಯಾಕ್ಕೆ ಕಳುಹಿಸಿದರು. ಸಿಂಹ ತಿಂದುಬಿಡುತ್ತದೆ ಎಂದು ಅಮ್ಮ ಅತ್ತಳು. ಹೆಗ್ಗಡದೇವನಕೋಟೆ ಕಡೆಯ ಆನೆ ಹುಲಿಗಳ ನೆರೆಯಲ್ಲಿ ಬೆಳೆದವಳಿಗೆ ಅಲ್ಲಿ ಹತ್ತು ವರ್ಷದಲ್ಲಿ ಎದುರಾದ ಕ್ರೂರಪ್ರಾಣಿ ಎಂದರೆ ನಮ್ಮ ಮಿಷನ್ನಿನ ಹುಂಜ ಒಂದೇ. ರಾಗಿಯಿಂದ ತಪ್ಪಿಸಿಕೊಂಡೆ ಎಂದು ಒಳಗೊಳಗೇ ಹಿಗ್ಗಿದ್ದೆ. ಮೊದಲ ಬೆಳಗ್ಗೆಯೇ ಮುಂದಿಟ್ಟದ್ದು ರಾಗಿ ಗಂಜಿ. ಸಮುದ್ರ ದಾಟಿದರೂ ಅದು ನನಗಿಂತ ಮೊದಲೇ ಹೋಗಿ ಕೂತಿತ್ತು. ಅಲ್ಲಿ ದೊಡ್ಡ ಸರೋವರವೊಂದರ ದಡದ ಊರುಗಳಲ್ಲಿ ಮನೆಮನೆಯಲ್ಲೂ ನಡುವಿನ ತಲೆಮಾರೇ ಇರಲಿಲ್ಲ. ಅಜ್ಜಿಯರು, ಮೊಮ್ಮಕ್ಕಳು, ಅಷ್ಟೇ. ಇದೇ ಕಾಯಿಲೆ ತಗುಲಿದ್ದ ಮಕ್ಕಳಿಗೆ ನಮ್ಮಲ್ಲಿ ಒಂದು ಮನೆಯಿತ್ತು, ಅದಕ್ಕೆ ನಾನು ಹೊಸ ನರ್ಸಮ್ಮ.

ಈ ಕಾಯಿಲೆ ತಟ್ಟೆಯಿಂದ, ಲೋಟದಿಂದ, ಎಂಜಲಿನಿಂದ ಹರಡುವುದಿಲ್ಲ ಎಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಅಲ್ಲಿಗೆ ಹೋದ ವಾರದಲ್ಲೇ ನಾನು ಮಾಡಿದ ಮೊದಲ ಸುಧಾರಣೆ ಏನು ಗೊತ್ತೇ? ಆ ಮಕ್ಕಳ ಪಿಂಗಾಣಿ ತಟ್ಟೆಗಳಿಗೆ ನೀಲಿ ಬಣ್ಣ ಬಳಿದದ್ದು. ಕೇಳಿದವರಿಗೆ ಶುಚಿತ್ವ ಎಂದೆ. ಅನಸ್ತಾಜಿಯಾ ಎಂಬ ಆರು ವರ್ಷದ ಹುಡುಗಿ ಇದ್ದಳು. ತಾನು ಉಂಡ ನೀಲಿ ತಟ್ಟೆಯನ್ನು ತಾನೇ ತೊಳೆದು, ಒರೆಸಿ, ಉಳಿದವರ ತಟ್ಟೆಗಳಿಂದ ಒಂದು ಗೇಣು ದೂರ ಇಡುತ್ತಿದ್ದಳು. ಎಷ್ಟು ಅಚ್ಚುಕಟ್ಟು ಎಂದು ನಾನು ಮೆಚ್ಚಿದೆ! ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅವಳ ಅಜ್ಜಿ ಹನ್ನೆರಡು ಮೈಲಿ ನಡೆದು ನೋಡಲು ಬಂದಳು. ನೀಲಿ ಬಣ್ಣ ಯಾಕೆ ಎಂದು ಕೇಳಿದಳು. ನನ್ನ ಹರಕು ಭಾಷೆಯಲ್ಲಿ ಹೇಳಿದೆ. ಅಜ್ಜಿ ಮೊಮ್ಮಗಳ ಪಕ್ಕ ಕೂತು, ತಟ್ಟೆಯಲ್ಲಿದ್ದ ಜೋಳದ ಮುದ್ದೆಯನ್ನು ಮುರಿದು ತಾನೊಂದು ತುತ್ತು ತಿಂದಳು, ಮಗುವಿಗೊಂದು ಕೊಟ್ಟಳು, ಮೂರನೆಯದನ್ನು ನನ್ನ ಕಡೆ ಚಾಚಿದಳು.

ನನ್ನ ಕೈ ಮುಂದೆ ಬರಲಿಲ್ಲ, ಮಾನ್ಯರೇ. ಓದಿದ್ದೆಲ್ಲ ಗೊತ್ತಿತ್ತು, ಪ್ರತಿದಿನ ಪ್ರಾರ್ಥನೆಯಲ್ಲಿ ಹೇಳುತ್ತಿದ್ದದ್ದೂ ಗೊತ್ತಿತ್ತು, ಕೈ ಬರಲಿಲ್ಲ. ಅಜ್ಜಿ ಚಾಚಿದ ಕೈ ಹಿಂತೆಗೆಯದೆ ಕಾದಳು. ಕೊನೆಗೆ ತೆಗೆದುಕೊಂಡು ತಿಂದೆ. ಆ ಸಂಜೆಯೇ ಸೀಮೆಎಣ್ಣೆ ಹಾಕಿ ತಟ್ಟೆಗಳನ್ನೆಲ್ಲ ಉಜ್ಜಿ ನೀಲಿ ಬಣ್ಣ ತೆಗೆದೆ. ಆಗ ಅಲ್ಲಿ ಈಗಿನ ಮಾತ್ರೆಗಳಿರಲಿಲ್ಲ, ಮುಂದಿನ ಮಳೆಗಾಲಕ್ಕೆ ಅನಸ್ತಾಜಿಯಾ ತೀರಿಕೊಂಡಳು. ಅವಳನ್ನು ಉಳಿಸಿಕೊಳ್ಳಲಾಗದ ದುಃಖ ನನಗಿದೆ, ಅದು ನನ್ನ ತಪ್ಪಲ್ಲ ಎಂಬ ಸಮಾಧಾನವೂ ಇದೆ. ಆದರೆ ಅವಳಿಗಿದ್ದ ಸಣ್ಣ ಆಯುಷ್ಯದಲ್ಲಿ ನಾಲ್ಕು ತಿಂಗಳು ಅವಳನ್ನು ಒಂಟಿಯಾಗಿ ಉಣ್ಣಲು ಬಿಟ್ಟವಳು ನಾನೇ. ಅದಕ್ಕೆ ಸಮಾಧಾನವಿಲ್ಲ. ನನ್ನ ಮೇಲೆ ನಾಚಿಕೆಯಾಗುತ್ತದೆ, ಇವತ್ತಿಗೂ. ಐದು ಸಲ ಮಲೇರಿಯಾ ಬಂದು ಮೈ ಸೋತ ಮೇಲೆ ವಿಶ್ರಾಂತಿಗೆಂದು ನನ್ನನ್ನು ಇಲ್ಲಿಗೆ ಕಳುಹಿಸಿದರು. ಬಂದು ನೋಡಿದರೆ ನನ್ನ ತಪ್ಪನ್ನೇ ಬಣ್ಣ ಬದಲಾಯಿಸಿ ಸರ್ಕಾರಿ ಮೊಹರು ಹಾಕಿ ಹೊರಡಿಸಿದ್ದೀರಿ. ವಿಶ್ರಾಂತಿ ಎಲ್ಲಿ ಬಂತು?

ಕೊನೆಗೆ, ನೋಟಿಸಿನಲ್ಲಿ ತಾವು ಬರೆಯದೆ ಬಿಟ್ಟ ಒಂದು ಸಂಗತಿ. ಕಳೆದ ಬುಧವಾರ ತಾವೇ ಜೀಪಿನಲ್ಲಿ ಶಾಲೆಗೆ ಬಂದು ತಟ್ಟೆ ಎಣಿಸಿದಿರಿ. ಗುರುತಿನ ತಟ್ಟೆ ಯಾವುದು ಎಂದು ಗುಡುಗಿದಾಗ ಶಿವನಂಜಪ್ಪ ಮೇಷ್ಟ್ರು “ಎಲ್ಲವೂ ಗುರುತಿನವೇ ಸಾರ್” ಎಂದದ್ದು ಅವರ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅತ್ಯಂತ ಧೈರ್ಯದ ಮಾತು ಎಂದು ಊರಿನವರು ಹೇಳುತ್ತಿದ್ದಾರೆ. ಆಮೇಲೆ ಊಟದ ಹೊತ್ತಾಯಿತು. ತಮಗೆ ಮೇಷ್ಟ್ರ ಕೋಣೆಯಲ್ಲಿ ಮೇಜು ಹಾಕಿ, ಬೇರೆ ತಟ್ಟೆ, ಬೇರೆ ಲೋಟ, ಬಾಟಲಿ ನೀರು ಇಟ್ಟು ಬಡಿಸಿದರು. ಮಕ್ಕಳು ಇಣುಕದಿರಲೆಂದು ಬಾಗಿಲು ಮುಂದೆ ಮಾಡಿದರು. ಅದರಲ್ಲಿ ತಪ್ಪೇನಿಲ್ಲ, ಸಾಹೇಬರಿಗೆ ಎಲ್ಲ ಕಡೆಯೂ ಹಾಗೇ. ಕೈ ತೊಳೆಯಲು ಹೊರಟ ಸುಕನ್ಯ ಬಾಗಿಲ ಸಂದಿಯಿಂದ ನೋಡಿದಳು. ಸಂಜೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು:

“ಸಿಸ್ಟ್ರಮ್ಮ, ಆ ಸಾಯೇಬ್ರಿಗೂ ನನ್ನಂಗೇ ಕಾಯ್ಲೆನಾ?”

“ಯಾಕಮ್ಮ ಹಾಗಂತೀಯ?”

“ಅವ್ರಿಗೂ ಬ್ಯಾರೆ ತಟ್ಟೆ ಮಡಗಿದ್ರು. ಬ್ಯಾರೆ ಲೋಟ. ಬಾಗ್ಲಾಕಂಡು ಒಬ್ರೇ ಉಣ್ತಿದ್ರು. ಪಾಪ, ಅವ್ರ ಜೊತೆಗೆ ಯಾರೂ ತಟ್ಟೆಗೆ ಬಣ್ಣ ಬಳ್ಕಣ್ನಿಲ್ವಾ?”

ಅದು ಬಹುಮಾನದ ತಟ್ಟೆಯಲ್ಲ ಎಂದು ಈ ಹುಡುಗಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನನಗೆ ನೋವಾಗದಿರಲಿ ಎಂದು ಪ್ರೈಜ್ ಎಂದಿದ್ದಳು. ನಾನು ಅವಳನ್ನು ಸಂತೈಸುತ್ತಿದ್ದೇನೆ ಎಂದುಕೊಂಡಿದ್ದೆ. ಸಂತೈಸುತ್ತಿದ್ದವಳು ಅವಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆದೇಶವನ್ನೂ ನೋಟಿಸನ್ನೂ ವಾಪಸು ಪಡೆಯಿರಿ, ಪಡೆದದ್ದನ್ನು ‘ಗೌಪ್ಯ’ ಎಂದು ಮೊಹರು ಹಾಕಿ ದಾಸಯ್ಯನವರ ಕೈಯಲ್ಲೇ ಕಳುಹಿಸಿ, ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಮತ್ತು ಸೋಮವಾರ ಮಧ್ಯಾಹ್ನ ತಾವು ಶಾಲೆಗೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತು ಊಟ ಮಾಡಬೇಕು. ಕೈ ಮುಂದೆ ಬರುವುದು ಸ್ವಲ್ಪ ತಡವಾದರೆ ಚಿಂತೆಯಿಲ್ಲ, ನನಗೂ ತಡವಾಗಿತ್ತು. ಸಾಹೇಬರು ಒಬ್ಬರೇ ಉಣ್ಣಬಾರದೆಂದು ಸುಕನ್ಯ ಸಾಲಿನಲ್ಲಿ ತನ್ನ ಪಕ್ಕ ಒಂದು ಜಾಗ ಹಿಡಿದಿಟ್ಟಿದ್ದಾಳೆ, ಅಲ್ಲಿ ಬೇರೆ ಯಾರನ್ನೂ ಕೂರಲು ಬಿಡುತ್ತಿಲ್ಲ. ಸೋಮವಾರದಿಂದ ಅವಳನ್ನು ಆ ಸಾಲಿನಿಂದ ಎಬ್ಬಿಸುವ ಅಧಿಕಾರ ನಿಮಗಿದೆ. ಅವಳು ನಿಮಗೆಂದು ಹಿಡಿದ ಜಾಗವನ್ನು ಬಿಡು ಎಂದು ಹೇಳುವ ಅಧಿಕಾರ ನನಗಿಲ್ಲ.

ಇಂತಿ,
ನಿಮಗೆ ಬರೆಯುತ್ತ ಕೂತು ಬಿಸಿ ಮುದ್ದೆಯನ್ನು ಆರಲು ಬಿಟ್ಟ,
ಸಿಸ್ಟರ್ ಇನ್ನಾಸಮ್ಮ
ಹ್ಯಾಂಡ್‌ಪೋಸ್ಟ್ ಸಮೀಪ, ಹೆಗ್ಗಡದೇವನಕೋಟೆ ತಾಲ್ಲೂಕು
ಫೆಬ್ರವರಿ ೨೦೦೬